ಶೂಲ, ಕೆಳಗೆ ಎರಡು ಚುಕ್ಕೆ

"ಕೂಗಬೇಡ! ಇದು ಹೊಳೆ ದಂಡೆ ಅಲ್ಲ, ಸರ್ಕಾರಿ ಕಚೇರಿ."

"ಹೊಳೆ ದಂಡೆ ಆಗಿದ್ದಿದ್ರೆ ಇಷ್ಟೊತ್ತಿಗೆ ನಿಮ್ಮನ್ನ ಕಲ್ಲಿಗೆ ಬಡಿದು, ಹಿಂಡಿ, ಗಂಜಿ ಹಾಕಿ ಒಣಗಿಸಿರ್ತಿದ್ದೆ ಸಾರ್. ಕಚೇರಿ ಅಂತಲೇ ಬರೀ ಬಾಯಲ್ಲಿ ಕೇಳ್ತಿದ್ದೀನಿ. ನನ್ನ ಅರ್ಜಿ ಯಾಕೆ ತಗೊಳ್ಳಲ್ಲ?"

"ನೀನು ಗಿರಾಕಿನೇ ಅಲ್ಲ, ಅದಕ್ಕೆ. ಜಾಹೀರಾತು ಸುಳ್ಳು ಅಂತ ದೂರು ಕೊಡ್ಬೇಕಾದ್ರೆ ಆ ಸಾಮಾನು ಕೊಂಡಿರ್ಬೇಕು. ನೀನು ಆ ಬಟ್ಟೆ ಪುಡಿ ಕೊಂಡ್ಯಾ? ಇಲ್ಲ. ಮತ್ತೆ ನಿಂಗೇನು ನಷ್ಟ?"

"ಬೋರ್ಡಿನ ಮೇಲೆ ನನ್ನ ಕೈ ಹಾಕಿದ್ದಾರೆ ಸಾರ್! ನನ್ನ ಕೈ! ಇಲ್ನೋಡಿ!"

ಇರುಳಾಯಿ ಎರಡೂ ಕೈಗಳನ್ನು ಗುಮಾಸ್ತ ಉಲಗನಾಥನ ಮೇಜಿನ ಮೇಲೆ, ಅವನು ತೆರೆದಿಟ್ಟಿದ್ದ ಕಡತದ ಮೇಲೆಯೇ ಊರಿದಳು. ಅವನು ಕಡತವನ್ನು ಸರಕ್ಕನೆ ಎಳೆದುಕೊಂಡ. ಎಳೆದುಕೊಂಡ ರೀತಿ ಅವಳಿಗೆ ಹೊಸದಲ್ಲ. ಹುಟ್ಟಿದಾಗಿನಿಂದ ಜನ ಅವಳ ಮುಂದೆ ಏನಾದರೊಂದನ್ನು ಹಾಗೆ ಎಳೆದುಕೊಳ್ಳುತ್ತಲೇ ಇದ್ದಾರೆ. ಸೆರಗು, ಚೊಂಬು, ಮಗು.

ಕೈಗಳು ಚೆನ್ನಾಗಿರಲಿಲ್ಲ ಅನ್ನುವುದು ನಿಜ. ಐವತ್ತೆರಡು ವರ್ಷದವಳ ಕೈ. ಮೂವತ್ತೈದು ವರ್ಷ ವೈಗೈ ಹೊಳೆಯ ನೀರಿನಲ್ಲಿ, ಸೋಡಾಕಾರದಲ್ಲಿ, ಚೌಳುಮಣ್ಣಿನಲ್ಲಿ ಬೆಂದ ಕೈ. ಅಂಗೈಯಲ್ಲಿ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು. ಬಲಗೈ ಹೆಬ್ಬೆರಳಿನ ಉಗುರು ಕಪ್ಪಗೆ. ಅದರ ಮೇಲೆ ಅವಳ ಗಂಡ ಬದುಕಿದ್ದಾಗ ಬಟ್ಟೆ ಬೇಯಿಸುವ ಉಬ್ಬೆಯ ಹಂಡೆ ಉರುಳಿತ್ತು.

ಆ ಉಗುರಿನಿಂದಲೇ ಅವಳು ಬೋರ್ಡಿನ ಮೇಲೆ ತನ್ನನ್ನು ಗುರುತಿಸಿದ್ದು.

ಬೋರ್ಡು ಬಸ್ ನಿಲ್ದಾಣದ ಎದುರಿಗಿತ್ತು. ಎಡಗಡೆ ಎತ್ತಿನ ಗಾಡಿಯಷ್ಟು ದೊಡ್ಡ ಎರಡು ಕೈ, ಅವಳವೇ. ಬಲಗಡೆ ಒಬ್ಬ ನಟಿಯ ಬಿಳಿ ಕೈ, ಬೆರಳ ತುಂಬ ಮಲ್ಲಿಗೆ. ಮೇಲೆ ಕೆಂಪು ಅಕ್ಷರದಲ್ಲಿ: ನಿಮ್ಮ ಮನೆಯ ಬಟ್ಟೆ ಇನ್ನೂ ಈ ಕೈಯಲ್ಲೇ? ಅದರ ಕೆಳಗೆ: ಮಡಿಕಟ್ಟೆಯ ಬಟ್ಟೆಯಲ್ಲಿ ನೂರಕ್ಕೆ ತೊಂಬತ್ತು ಪಾಲು ಚರ್ಮರೋಗದ ಕ್ರಿಮಿ. ಮಲ್ಲಿಚ್ಚರಂ ಪುಡಿಯಲ್ಲಿ ಅದ್ದಿ. ಯಾವ ಕಲೆಯೂ ನಿಲ್ಲದು. ಉಜ್ಜುವುದೇ ಬೇಡ. ಕೈಗೆ ಹೂವಿನಷ್ಟು ಮೃದು. 'ನಿಲ್ಲದು' ಅನ್ನುವುದರ ಪಕ್ಕದಲ್ಲಿ ಒಂದು ಪುಟ್ಟ ನಕ್ಷತ್ರ. ಆ ನಕ್ಷತ್ರದ ಅರ್ಥ ಬೋರ್ಡಿನ ಬುಡದಲ್ಲಿ ಇರುವೆ ಸಾಲಿನ ಅಕ್ಷರದಲ್ಲಿತ್ತು. ಅದನ್ನು ಓದಬೇಕಾದರೆ ಕಾಗೆಯಾಗಿ ಹುಟ್ಟಿ ಅಲ್ಲಿ ಕೂತಿರಬೇಕು.

ಪೊಂಗಲ್ ಮುಗಿದ ವಾರ ಇಬ್ಬರು ಹುಡುಗರು ಕ್ಯಾಮೆರಾ ಹಿಡಿದು, ಹೊಳೆ ದಂಡೆಯಲ್ಲಿ ಬಟ್ಟೆ ಒಗೆಯುವ ಮಡಿಕಟ್ಟೆಗೆ ಬಂದಿದ್ದರು. ಕ್ಯಾಲೆಂಡರಿಗೆ ಫೋಟೋ ಬೇಕು ಅಕ್ಕಾ ಅಂದರು. ಇರುಳಾಯಿ ಮುಖ ತೊಳೆದು, ತಲೆ ಬಾಚಿ, ವಿಭೂತಿ ಇಟ್ಟುಕೊಂಡು, ಒಣಗಲು ಹಾಕಿದ್ದ ಯಾರದೋ ರೇಷ್ಮೆ ಸೀರೆಯನ್ನು ಗಳಿಗೆ ಹೊತ್ತು ಸಾಲ ಪಡೆದು ಉಟ್ಟು ಬಂದಳು. ಮುಖ ಬೇಡ ಅಕ್ಕಾ, ಕೈ ಸಾಕು ಅಂದರು. ಅವಳ ಭಾವ ಚೆಲ್ಲಕಣ್ಣು ಆಗಲೇ ನಕ್ಕಿದ್ದ. "ಕೈ ಕೇಳಿದ್ರು ಅಂತ ಖುಷಿಪಡ್ಬೇಡ ಇರುಳಾಯಿ. ತಾಳಿ ಕಟ್ಟೋಕಲ್ಲ."

ಬೋರ್ಡು ಎದ್ದು ಒಂದೇ ತಿಂಗಳು. ಎರಡು ಲಾಡ್ಜಿನವರು ಹಾಸಿಗೆ ಬಟ್ಟೆ ಕೊಡುವುದನ್ನು ನಿಲ್ಲಿಸಿದರು. ಆಮೇಲೆ ನರ್ಸಿಂಗ್ ಹೋಮು. ಮಡಿಕಟ್ಟೆಯ ನಲವತ್ತೆರಡು ಕಲ್ಲುಗಳಲ್ಲಿ ಇಪ್ಪತ್ತಾರು ಒಣಗಿದವು. ಒಣಗಿದ ಕಲ್ಲಿನ ಮೇಲೆ ನಾಯಿಗಳು ಮಲಗಿದವು. ಅದೂ ಹೋಗಲಿ. ಮೇಲಿನ ಬೀದಿಯ ಒಂದು ಮನೆಯಲ್ಲಿ ಮೊಮ್ಮಗಳು ಮೈನೆರೆದಳು. ಆ ದಿನ ಹುಡುಗಿ ಉಡುವ ಸೀರೆ ಮಡಿಕಟ್ಟೆಯಿಂದಲೇ ಹೋಗಬೇಕು. ಅವಳ ಅಜ್ಜಿಗೆ ಇರುಳಾಯಿಯ ಅತ್ತೆಯ ಅತ್ತೆ ಒಯ್ದಿದ್ದಳು, ತಾಯಿಗೆ ಅತ್ತೆ ಒಯ್ದಿದ್ದಳು. ಈ ಸಲ ಇರುಳಾಯಿ ಸೀರೆ ಮಡಿಸಿ ಹೊತ್ತು ಹಿತ್ತಲ ಬಾಗಿಲಲ್ಲಿ ನಿಂತರೆ ಮನೆಯಾಕೆ ಒಳಗಿನಿಂದಲೇ ಹೇಳಿದಳು: "ಅಂಗಡಿಯಿಂದ ತರಿಸಿದ್ವಿ ಕಣೇ. ಬೇಜಾರು ಮಾಡ್ಕೋಬೇಡ. ಮಗೂ ಚರ್ಮ, ನೋಡು."

ಬಂದ ದಾರಿಯಲ್ಲೇ ಅವಳು ಅರ್ಜಿ ಬರೆಸಿದಳು. ಬೇಡಿಕೆ ಎರಡೇ. ಬೋರ್ಡು ಇಳಿಯಬೇಕು. ಅದೇ ಜಾಗದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಹೇಳಿದ್ದು ಸುಳ್ಳು ಅಂತ ಬರೆಯಬೇಕು.

ಈಗ ಉಲಗನಾಥ ಅನ್ನುತ್ತಿದ್ದಾನೆ, ಗಿರಾಕಿಯೇ ಅಲ್ಲ.

"ಪುಡಿ ಕೊಂಡ್ರೆ ಗಿರಾಕಿ ಆಗ್ತೀನಾ?"

"ಬಿಲ್ ಸಮೇತ."

"ಇರಿ ಬಂದೆ."

ಪೊಟ್ಟಣ ಸಿಕ್ಕಿತು. ಬಿಲ್ಲು ಸಿಗಲಿಲ್ಲ. ಹತ್ತು ರೂಪಾಯಿ ಪೊಟ್ಟಣಕ್ಕೆ ಬಿಲ್ಲಾ ಅಂತ ಅಂಗಡಿ ನಾಡಾರ್ ಕಣ್ಣರಳಿಸಿದ. "ನಾಳೆ ಬೀಡಿಗೂ ಬಿಲ್ ಕೇಳ್ತೀಯ, ನಾಡಿದ್ದು ಬೆಂಕಿಕಡ್ಡಿಗೂ." ಇರುಳಾಯಿ ಅಂಗಡಿ ಮುಂದೆ ಸಿಕ್ಕಿದ್ದ ಒಂದು ಖಾಲಿ ಡಬ್ಬದ ಮೇಲೆ ಕೂತು, ಬಂದ ಗಿರಾಕಿಗಳಿಗೆಲ್ಲ ಅವರವರ ಬಟ್ಟೆಯ ಸಮಾಚಾರ ವಿಚಾರಿಸತೊಡಗಿದಳು. "ಏನಣ್ಣಾ, ಆ ಹಸಿರು ಲುಂಗಿ ಕಲೆ ಹೆಂಗಾಯ್ತು ಅಂತ ಅತ್ತಿಗೆ ಕೇಳಿದ್ರಾ?" ಮೂರನೆಯ ಗಿರಾಕಿ ಸಾಮಾನು ಕೊಳ್ಳದೆ ಓಡಿದ ಮೇಲೆ ನಾಡಾರ್ ಸಿಗರೇಟು ಪ್ಯಾಕಿನ ರಟ್ಟು ಹರಿದು, ಬಿಲ್ ಬರೆದು, ಅಂಗಡಿಯ ಮುದ್ರೆ ಒತ್ತಿ ಕೈಮುಗಿದ.

ಪೊಟ್ಟಣವೂ ರಟ್ಟೂ ಕಡತ ಸೇರಿದವು. ಇರುಳಾಯಿ ಗಿರಾಕಿಯಾದಳು.

ಆಮೇಲೆ ಶುರುವಾಯಿತು ನೋಡಿ, ಸರ್ಕಾರಿ ಒಗೆತ. ನೆನೆಹಾಕುವುದೊಂದೇ. ಒಗೆಯುವುದೂ ಇಲ್ಲ, ಹಿಂಡುವುದೂ ಇಲ್ಲ.

ಕಂಪನಿಗೆ ನೋಟೀಸು ಹೋಯಿತು. ಕಂಪನಿ ಸಮಯ ಕೇಳಿತು. ಕೊಟ್ಟರು. ಮತ್ತೆ ಕೇಳಿತು. ಮತ್ತೆ ಕೊಟ್ಟರು. ವಿಚಾರಣಾಧಿಕಾರಿ ನಲ್ಲಪೆರುಮಾಳ್ ಮೆತ್ತಗಿನ ಮನುಷ್ಯ. ಫ್ಯಾನಿನ ಕೆಳಗೆ ಕೂತರೆ ಅವನ ಕಣ್ಣೂ ಮೆತ್ತಗಾಗುತ್ತಿತ್ತು. ಅವನ ಮುಂದೆ ಎರಡು ಕುರ್ಚಿ. ಒಂದರಲ್ಲಿ ಕಂಪನಿ ವಕೀಲ ಅಂಬಲವಾಣನ್, ಇನ್ನೊಂದರಲ್ಲಿ ಪುಡಿಯ ಊರ ಏಜೆಂಟ್ ರತ್ನವೇಲು. ಇರುಳಾಯಿಗೂ ಚೆಲ್ಲಕಣ್ಣುವಿಗೂ ಗೋಡೆ. ಗೋಡೆಗೂ ಒರಗಬಾರದು, ಸುಣ್ಣ ಹೊಸದು ಅಂತ ಉಲಗನಾಥ ಹೇಳಿದ್ದ. ಅವರಿಬ್ಬರಿಗೆ ಸ್ಟೀಲ್ ಲೋಟದಲ್ಲಿ ಕಾಫಿ ಬಂದರೆ ಇವರಿಬ್ಬರಿಗೆ ಕಾಗದದ ಲೋಟದಲ್ಲಿ ನೀರು ಬರುತ್ತಿತ್ತು. ಅದೂ ಕೇಳಿದರೆ.

ಮೂರನೆಯ ವಾಯಿದೆಗೆ ಕಂಪನಿಯ ಉತ್ತರ ಬಂತು. ಹನ್ನೊಂದು ಪುಟ. ಉಲಗನಾಥ ಗಟ್ಟಿಯಾಗಿ ಓದಿದ.

"ಬೋರ್ಡಿನಲ್ಲಿರುವ ಕೈ ಯಾರದ್ದೂ ಅಲ್ಲ. ಅದು ಕಲ್ಪನೆಯ ಕೈ."

"ಕಲ್ಪನೆಗೆ ಹಂಡೆ ಬಿದ್ದು ಉಗುರು ಕಪ್ಪಾಗತ್ತಾ ಸಾರ್?" ಇರುಳಾಯಿ ಕೇಳಿದಳು.

"ಮಧ್ಯೆ ಮಾತಾಡ್ಬೇಡ. 'ಯಾವ ಕಲೆಯೂ ನಿಲ್ಲದು' ಅನ್ನುವುದು ಕವಿಗಳು ಮಾಡುವಂಥ ವರ್ಣನೆ. ಸಾಮಾನ್ಯ ತಿಳಿವಳಿಕೆ ಇರುವ ಯಾವ ಗಿರಾಕಿಯೂ ಅದನ್ನು ಹಾಗೆಯೇ ನಂಬುವುದಿಲ್ಲ."

"ನಂಬಬಾರದು ಅಂದ್ರೆ ಯಾಕೆ ಸಾರ್ ಬರೆಯೋದು? ಅಷ್ಟು ದೊಡ್ಡ ಬೋರ್ಡು, ರಾತ್ರಿಯೆಲ್ಲ ಲೈಟು, ಎಲ್ಲಾ ಯಾರೂ ನಂಬದಿರ್ಲಿ ಅಂತಾನಾ?"

ನಲ್ಲಪೆರುಮಾಳ್ ಕಣ್ಣು ತೆರೆದ. ಆ ಮಾತು ಅವನಿಗೆ ತಾಗಿತೋ, ಸೆಕೆ ತಾಗಿತೋ. "ಅದೂ ಸರಿ. ಚರ್ಮರೋಗದ ಮಾತಿಗೆ ಆಧಾರ ಏನು ವಕೀಲರೇ?"

"ಪ್ರಯೋಗಾಲಯದ ವರದಿ ಇದೆ ಸಾರ್."

"ಯಾರ ಪ್ರಯೋಗಾಲಯ?"

"ಕಂಪನಿಯದ್ದೇ."

"ಯಾರ ಬಟ್ಟೆ ಪರೀಕ್ಷೆ ಮಾಡಿದ್ರು?"

ಅಂಬಲವಾಣನ್ ಪುಟ ತಿರುಗಿಸಿದ. ಮತ್ತೆ ತಿರುಗಿಸಿದ. "ಮಾದರಿ ಬಟ್ಟೆ ಸಾರ್. ಮಡಿಕಟ್ಟೆಯಲ್ಲಿ ಒಗೆದಂತೆ ಭಾವಿಸಿಕೊಂಡದ್ದು."

"ಕೈಯೂ ಕಲ್ಪನೆ, ಬಟ್ಟೆಯೂ ಕಲ್ಪನೆ," ಅಂದ ಚೆಲ್ಲಕಣ್ಣು ಸಣ್ಣ ದನಿಯಲ್ಲಿ. "ಹಸಿವು ಒಂದೇ ನಿಜ."

ನಲ್ಲಪೆರುಮಾಳ್ ಬರೆಸಿದ: ಮುಂದಿನ ವಾಯಿದೆಗೆ ಕಂಪನಿ ತನ್ನ ಮಾತಿಗೆ ಕಣ್ಣಿಗೆ ಕಾಣುವ ಪುರಾವೆ ತರಬೇಕು. ಅಲ್ಲಿಯವರೆಗೆ ಬೋರ್ಡು? ಇರುಳಾಯಿ ಕೇಳಿದಳು. ಅಲ್ಲಿಯವರೆಗೆ ಹೇಗಿದೆಯೋ ಹಾಗೆ ಇರಲಿ ಅಂದ.

ಹೊರಗೆ ರತ್ನವೇಲು ಮೆಟ್ಟಿಲ ಬಳಿ ಕಾದಿದ್ದ. ದುಂಡುಮುಖ, ಪೌಡರ್ ವಾಸನೆ, ಬೆರಳಿಗೆ ಕಲ್ಲಿನ ಉಂಗುರ. ಅವನ ಅಪ್ಪನ ಬಟ್ಟೆ ಒಗೆದದ್ದು ಇರುಳಾಯಿಯ ಅತ್ತೆ. ಅವನು ಹುಟ್ಟಿದಾಗಿನ ತುಂಡುಬಟ್ಟೆ ಒಗೆದದ್ದು ಇರುಳಾಯಿ.

"ಯಾಕೆ ಇರುಳಾಯಿ ಈ ಹಟ? ನೀನೇ ನಮ್ಮ ಪುಡಿ ಕೈಲಿ ಹಿಡ್ಕೊಂಡು ಒಂದು ಫೋಟೋಗೆ ನಿಲ್ಲು. 'ಮಡಿಕಟ್ಟೆಯವರೂ ಮೆಚ್ಚಿದ ಪುಡಿ' ಅಂತ ಹಾಕ್ತೀವಿ. ಈ ಸಲ ಮುಖಾನೂ ಬರತ್ತೆ. ಮನೆಗೊಂದು ಡಬ್ಬ ಪುಡಿ ಬಿಟ್ಟಿ."

"ಏನು ಹೇಳ್ಬೇಕು ಫೋಟೋದಲ್ಲಿ?"

"ನನ್ನ ಕೈ ಮೆತ್ತಗಾಯ್ತು ಅಂತ."

"ಮೆತ್ತಗಾಗಿಲ್ವಲ್ಲ ತಮ್ಮಾ. ಬೇಕಾದ್ರೆ ಕೆನ್ನೆಗೆ ಮುಟ್ಟಿಸಿ ತೋರಿಸ್ಲಾ?"

ರತ್ನವೇಲು ಎರಡು ಮೆಟ್ಟಿಲು ಹಿಂದಕ್ಕೆ ಹೋದ. ಅವಳಿಗಿಂತ ಇಪ್ಪತ್ತು ವರ್ಷಕ್ಕೆ ಚಿಕ್ಕವನು. ಆದರೂ ಅವಳನ್ನು ಹೆಸರು ಹಿಡಿದೇ ಕರೆಯುತ್ತಾನೆ. ಅವನ ಮೂರು ವರ್ಷದ ಮಗಳೂ ಹಾಗೆಯೇ ಕರೆಯುತ್ತಾಳೆ. ಮಡಿಕಟ್ಟೆಯವರಿಗೆ ಈ ಊರಿನಲ್ಲಿ ವಯಸ್ಸಾಗುವುದಿಲ್ಲ, ಬೆನ್ನು ಬಾಗುವುದೊಂದೇ.

ನಾಲ್ಕನೆಯ ವಾಯಿದೆಗೆ ಕಣ್ಣಿಗೆ ಕಾಣುವ ಪುರಾವೆ ಬಂತು. ಒಂದು ಬಿಳಿ ಅಂಗಿ.

ಆ ಅಂಗಿಯನ್ನು ಊರೆಲ್ಲ ನೋಡಿತ್ತು. ಚಿತ್ತಿರೈ ತಿಂಗಳಲ್ಲಿ ಮಾರ್ಕೆಟ್ ಬಳಿ ಲಾರಿ ನಿಲ್ಲಿಸಿ, ಅದರ ಮೇಲೆ ನಿಂತು ರತ್ನವೇಲು ಪುಡಿಯ ಆಟ ಆಡಿಸಿದ್ದ. ಬಿಳಿ ಅಂಗಿಗೆ ಕಾಫಿ ಸುರಿದ. ಅರಿಸಿನ ಬಳಿದ. ಒಬ್ಬ ಮುದುಕನನ್ನು ಕರೆದು ಎಲೆಯಡಿಕೆ ಉಗುಳಿಸಿದ. ಜರತಾರಿ ಬಟ್ಟೆ ಮುಚ್ಚಿದ ಪೀಪಾಯಿಯೊಳಗೆ ಅಂಗಿ ಅದ್ದಿ, ಹತ್ತು ಎಣಿಸಿ, ಎಳೆದರೆ ಹಾಲಿನಂಥ ಅಂಗಿ. ಜನ ಚಪ್ಪಾಳೆ ಹೊಡೆದು ನೂರಾರು ಪೊಟ್ಟಣ ಕೊಂಡರು. ಆಮೇಲೆ ಅದೇ ಅಂಗಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಅರಗಿನ ಮುದ್ರೆ ಒತ್ತಿ ಇಟ್ಟಿದ್ದರಂತೆ.

"ಇದೇ ಆ ಅಂಗಿ ಸಾರ್," ಅಂದ ಅಂಬಲವಾಣನ್. "ಮಲ್ಲಿಚ್ಚರಂ ಬಿಟ್ಟು ಬೇರೆ ಯಾವ ಸಾಬೂನನ್ನೂ ಕಾಣದ ಅಂಗಿ. ಸಾವಿರ ಜನ ಸಾಕ್ಷಿ. ಮುದ್ರೆ ತಾವೇ ಒಡೆಯಬಹುದು."

ನಲ್ಲಪೆರುಮಾಳ್ ಮುದ್ರೆ ಒಡೆದು ಅಂಗಿ ತೆಗೆದು ಮೇಜಿನ ಮೇಲಿಟ್ಟ. ಮಡಿಸಿದ ಹಾಗೆಯೇ ಇತ್ತು. ಮಲ್ಲಿಗೆ ವಾಸನೆ ಕೋಣೆ ತುಂಬಿತು.

ಇರುಳಾಯಿ ಅಂಗಿ ನೋಡಲಿಲ್ಲ. ಮಡಿಕೆ ನೋಡಿದಳು.

ಪಕ್ಕದಲ್ಲಿ ಚೆಲ್ಲಕಣ್ಣುವೂ ಮಡಿಕೆ ನೋಡಿದ. ಅವನ ಮೂಗಿನಿಂದ ನಗು ಬಂತು. ನಲವತ್ತು ವರ್ಷದಿಂದ ಮಡಿಕಟ್ಟೆಯ ಇಸ್ತ್ರಿ ಅವನದು. ಅವನು ಎಡಚ. ಲೋಕವೆಲ್ಲ ಯಾವ ತೋಳನ್ನು ಮೊದಲು ಒಳಗೆ ಮಡಿಸುತ್ತದೋ ಅವನು ಅದನ್ನು ಕೊನೆಗೆ ಮಡಿಸುತ್ತಾನೆ. ಕೊನೆಯಲ್ಲಿ ಅಂಗಿಯ ಬುಡವನ್ನು ಎರಡು ಸುತ್ತು ಮಡಿಸಿ, ಇಸ್ತ್ರಿ ಪೆಟ್ಟಿಗೆಯ ಮೂತಿಯಿಂದ ಒಂದು ಗೆರೆ ಒತ್ತುತ್ತಾನೆ. ಆ ಗೆರೆ ಊರಿನಲ್ಲಿ ಇನ್ನಾರಿಗೂ ಬರುವುದಿಲ್ಲ. ಬೇಕಾಗಿಯೂ ಇಲ್ಲ.

ಇರುಳಾಯಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡಳು. ಸೆರಗಿನಾಚೆಯೂ ನಗು ಬಂತು.

"ಏನಮ್ಮಾ ಇದು? ಕಚೇರಿಯಲ್ಲಿ ನಗು!" ನಲ್ಲಪೆರುಮಾಳ್ ಗದರಿದ.

"ತಪ್ಪಾಯ್ತು ಸಾರ್. ಆ ಅಂಗಿ ಕಾಲರು ಸ್ವಲ್ಪ ಒಳಮೈ ತಿರುಗಿಸಿ."

ಅಂಬಲವಾಣನ್ ಎದ್ದು ನಿಂತ. "ದೂರು ಕೊಟ್ಟವಳು ಪುರಾವೆ ಮುಟ್ಟುವ ಹಾಗಿಲ್ಲ."

"ಅಯ್ಯೋ, ನಾನು ಮುಟ್ಟಲ್ಲ ಸ್ವಾಮಿ. ನಾನು ಮುಟ್ಟಿದ್ರೆ ಚರ್ಮರೋಗ ಬರತ್ತಲ್ಲ. ನೀವೇ ತಿರುಗಿಸಿ. ತಿರುಗಿಸೋಕೆ ಮುಂಚೆ ನಾನು ಹೇಳ್ತೀನಿ, ಕೇಳ್ಕೊಳಿ. ಒಂದು ಶೂಲ. ಕೆಳಗೆ ಎರಡು ಚುಕ್ಕೆ. ಎಡಗಡೆ ಚುಕ್ಕೆ ಸ್ವಲ್ಪ ದಪ್ಪ."

ರತ್ನವೇಲು ಕಾಫಿ ಲೋಟ ಕೆಳಗಿಟ್ಟ.

ನಲ್ಲಪೆರುಮಾಳ್ ಕಾಲರು ತಿರುಗಿಸಿದ. ಕನ್ನಡಕ ಏರಿಸಿದ. ಉಲಗನಾಥ ಬಗ್ಗಿ ನೋಡಿದ. ಕಪ್ಪು ಶೂಲ ಬಿಳಿ ಬಟ್ಟೆಯ ಮೇಲೆ ಹುಳದ ಹಾಗೆ ಕೂತಿತ್ತು. ಕೆಳಗೆ ಎರಡು ಚುಕ್ಕೆ. ಎಡಗಡೆಯದು ದಪ್ಪ.

"ಇದೇನಿದು?"

"ಈ ರತ್ನವೇಲು ಅವರ ಮನೆ ಗುರುತು ಸಾರ್. ಅವರ ತಾತನ ಕಾಲದಿಂದ ಶೂಲ. ಅಪ್ಪ ಬೇರೆ ಮನೆ ಮಾಡಿದಾಗ ಒಂದು ಚುಕ್ಕೆ ಸೇರಿಸಿದ್ವಿ. ಇವರು ಮದುವೆಯಾಗಿ ಬೇರೆ ಹೋದಾಗ ಎರಡು. ಎಡಗಡೆ ಚುಕ್ಕೆ ದಪ್ಪ ಆಗೋದು ನನ್ನ ಕೈ ಚಾಳಿ."

ಊರಿನ ಪ್ರತಿ ಮನೆಗೂ ಮಡಿಕಟ್ಟೆಯಲ್ಲಿ ಒಂದು ಗುರುತಿದೆ. ಕಾಡಿನಿಂದ ಬಂದ ಕೇರುಬೀಜಕ್ಕೆ ಸೂಜಿ ಚುಚ್ಚಿ, ಒಸರಿದ ರಸದಲ್ಲಿ ಬರೆದು, ಸುಣ್ಣ ಒತ್ತುತ್ತಾರೆ. ಬರೆದವರ ಬೆರಳು ಸುಡುತ್ತದೆ. ಬಟ್ಟೆ ಚಿಂದಿಯಾದರೂ ಗುರುತು ಹೋಗುವುದಿಲ್ಲ. ಉಡುವವರು ಅದನ್ನು ನೋಡುವುದೇ ಇಲ್ಲ. ಅದು ಒಗೆಯುವವರ ಕಣ್ಣಿಗೆ ಮಾತ್ರ. ಅಂಗಿಯ ಎದೆ ಊರಿಗೆ, ಕಾಲರಿನ ಒಳಮೈ ಮಡಿಕಟ್ಟೆಗೆ. ವೈಗೈಯಲ್ಲಿ ಹೆಣ ತೇಲಿ ಬಂದರೆ ಪೋಲೀಸರು ಮೊದಲು ಬರುವುದು ಇರುಳಾಯಿಯ ಗುಡಿಸಿಲಿಗೆ. ಮುಖವನ್ನು ಮೀನು ತಿಂದಿದ್ದರೂ ಕಾಲರು ಹೆಸರು ಹೇಳುತ್ತದೆ.

ಲಾರಿಯ ಮೇಲೆ ಪೀಪಾಯಿಯೊಳಗೆ ಒಂದಲ್ಲ, ಎರಡು ಅಂಗಿಗಳಿದ್ದವು. ಒದ್ದೆಯಾಗದಂತೆ ಇಟ್ಟಿದ್ದ ಎರಡನೆಯದನ್ನು ಜನರಿಗೆ ತೋರಿಸಿ, ಹಳೆಯ ಮಡಿಕೆಯ ಗೆರೆಯಲ್ಲೇ ಮತ್ತೆ ಮಡಿಸಿ ಚೀಲಕ್ಕೆ ಹಾಕಿದ್ದರು. ಹಾಲಿನಂಥದ್ದು ಬೇಕು ಅಂತ ರತ್ನವೇಲು ಹುಡುಕಿದಾಗ ಅವನ ಬೀರುವಿನಲ್ಲಿ ಹಾಲಿನಂತೆ ಇದ್ದದ್ದು ಮಡಿಕಟ್ಟೆಯಿಂದ ಬಂದ ಅಂಗಿಯೊಂದೇ. ಪುಡಿಯಲ್ಲಿ ಒಗೆದವು ಹಳದಿ ತಿರುಗಿದ್ದವು.

ಅಂಬಲವಾಣನ್ ಚುರುಕು ಮನುಷ್ಯ. ಅವನಿಗೆ ಒಂದು ನಿಮಿಷವೂ ಬೇಕಾಗಲಿಲ್ಲ. "ಗುರುತು ಅಂತ ಇವಳು ಹೇಳ್ತಾಳೆ ಸಾರ್. ನನ್ನ ಪ್ರಕಾರ ಇದು ಗುರುತಲ್ಲ. ಯಾವುದೋ ಸಣ್ಣ ಕಲೆ."

ಇರುಳಾಯಿ ಕಣ್ಣು ಅಗಲ ಮಾಡಿದಳು. ಕೈ ಮುಗಿದಳು.

"ಕಲೆಯಾ ಸ್ವಾಮಿ? ಹಾಗಾದ್ರೆ ಸರಿ. ಯಾವ ಕಲೆಯೂ ನಿಲ್ಲಲ್ಲ ಅಂತ ಬೋರ್ಡು ಹೇಳತ್ತಲ್ಲ. ಇದು ಯಾಕೆ ನಿಂತಿದೆ? ಗುರುತು ಅಂದ್ರೆ ನಾವು ಒಗೆದ ಅಂಗಿ. ಕಲೆ ಅಂದ್ರೆ ನಿಮ್ಮ ಪುಡಿಗೆ ಹೋಗದ ಕಲೆ. ಎರಡರಲ್ಲಿ ಯಾವುದು ಬೇಕೋ ಆರಿಸ್ಕೊಳ್ಳಿ. ನಾವು ಬಡವರು, ಏನು ಕೊಟ್ರೂ ತಗೋತೀವಿ."

ನಲ್ಲಪೆರುಮಾಳನ ಕೈ ತಾನಾಗಿ ತನ್ನ ಕಾಲರಿನ ಹಿಂದಕ್ಕೆ ಹೋಯಿತು.

"ನಿಮ್ಮದು ಎರಡು ಗೀಟು, ಒಂದು ಕೊಕ್ಕೆ ಸಾರ್," ಅಂದಳು ಇರುಳಾಯಿ. "ಉಲಗನಾಥನ್ ಸಾರ್‌ದು ಒಂಟಿ ಚುಕ್ಕೆ. ಬನಿಯನ್ನಿಗೆ ಮಾತ್ರ ಹಾಕಿಲ್ಲ. ತೂತಿನ ಮಧ್ಯೆ ಚುಕ್ಕೆಗೆ ಜಾಗ ಸಿಗ್ಲಿಲ್ಲ. ಇಷ್ಟು ದಿನ ನಾವು ಒಗೆದ ಬಟ್ಟೆ ಹಾಕ್ಕೊಂಡಿದ್ದೀರಿ, ಎಲ್ಲಿ, ಯಾರಿಗಾದ್ರೂ ಕೆರೀತಾ?"

ಅಂಬಲವಾಣನ್ ಕರಿಕೋಟಿನ ಗುಂಡಿ ಹಾಕಿಕೊಂಡ. ಅವನದು ಹಾವು ಗುರುತು. ಇರುಳಾಯಿ ಹೇಳಲಿಲ್ಲ. ಇರಲಿ ಅಂತ ಬಿಟ್ಟಳು.

ನಲ್ಲಪೆರುಮಾಳ್ ಮೊದಲ ಬಾರಿಗೆ ಫ್ಯಾನಿನ ಕೆಳಗೂ ಪೂರ್ತಿ ಎಚ್ಚರವಾಗಿದ್ದ. "ವಕೀಲರು ಕಲೆ ಅಂತಾರೆ. ಹಾಗೇ ಬರ್ಕೊಳ್ಳಿ ಉಲಗನಾಥನ್. ಕಲೆಯೇ ಆದ್ರೆ ಇಲ್ಲೇ ತೆಗೆದು ತೋರಿಸ್ಲಿ. ಬಕೆಟ್ ತಗೊಂಡು ಬನ್ನಿ."

ಬಕೆಟ್ ಬಂತು. ಕಚೇರಿ ತೊಳೆಯುವ ಕೆಂಪು ಬಕೆಟ್. ನೀರು ಬಂತು. ಪುಡಿ ಬೇಕಲ್ಲ? ಕಡತದಿಂದ ಇರುಳಾಯಿಯ ಹತ್ತು ರೂಪಾಯಿ ಪೊಟ್ಟಣ ಹೊರಬಂತು, ಸಿಗರೇಟು ರಟ್ಟಿನ ಬಿಲ್ಲಿನ ಸಮೇತ. ಉಲಗನಾಥ ಹರಿದು ಸುರಿದ. ನೊರೆ ಎದ್ದಿತು. ಅಂಗಿ ಅದ್ದಿದ.

ಆಮೇಲೆ ಬಕೆಟ್ಟನ್ನು ಎತ್ತಿ ತಂದು ಇರುಳಾಯಿಯ ಕಾಲ ಬಳಿ ಇಟ್ಟ.

ಇಡು ಅಂತ ಅವನಿಗೆ ಯಾರೂ ಹೇಳಲಿಲ್ಲ. ಯಾರೂ ಬೇಡವೆಂದೂ ಹೇಳಲಿಲ್ಲ. ಎಲ್ಲರ ಕಣ್ಣೂ ಅವಳ ಮೇಲೆ ಬಿದ್ದವು. ಬಕೆಟ್ ಇದೆ, ಬಟ್ಟೆ ಇದೆ, ಇರುಳಾಯಿ ಇದ್ದಾಳೆ. ಇನ್ನೇನು?

"ಹೂಂ," ಅಂದ ನಲ್ಲಪೆರುಮಾಳ್ ಮೆತ್ತಗೆ. "ಒಗಿಯಮ್ಮ."

ಅವಳ ಬೆನ್ನು ಬಾಗಿತು. ಅವಳನ್ನು ಕೇಳದೆಯೇ ಬಾಗಿತು. ಮೂವತ್ತೈದು ವರ್ಷದ ಬೆನ್ನು, ಬಕೆಟ್ ಕಂಡರೆ ಬಾಗುತ್ತದೆ. ಬಲಗೈ ನೀರಿನವರೆಗೆ ಹೋಯಿತು. ಕಪ್ಪು ಉಗುರು ನೊರೆಗೆ ಇನ್ನೇನು ತಾಗಬೇಕು.

ನಿಂತಿತು.

ಬೆನ್ನು ಒಂದೊಂದೇ ಎಲುಬಾಗಿ ಎದ್ದು ನಿಂತಿತು. ಕೈಗಳನ್ನು ಅವಳು ಬೆನ್ನ ಹಿಂದೆ ಕಟ್ಟಿಕೊಂಡಳು.

"ಒಗೆಯಲ್ಲ."

"ಏನಂದೆ?"

"ನಾನು ಒಗೆಯಲ್ಲ ಸಾರ್."

"ಅರೆ, ನಿನ್ನ ಕೆಲಸ ತಾನೇ?"

"ನನ್ನ ಕೆಲಸವೇ. ಅದಕ್ಕೇ ಒಗೆಯಲ್ಲ. ನಿಮ್ಮೂರಿನ ಹೆರಿಗೆ ಬಟ್ಟೆ ಒಗೆದೆ. ಹೆಣದ ಬಟ್ಟೆ ಒಗೆದೆ. ಹೆಸರು ಹಿಡಿದು ಕರೆದ್ರಿ, ಬಂದೆ. ಹಿತ್ತಲ ಬಾಗಿಲು ತೋರಿಸಿದ್ರಿ, ನಿಂತೆ. ಈ ಕೈ ಮುಟ್ಟಿದ್ರೆ ರೋಗ ಅಂತ ಊರಿಗೆಲ್ಲ ಬರೆದು ಹಾಕಿದ್ದಾರೆ. ಆ ರೋಗದ ಕೈಯೇ ಈಗ ಅವರ ಪುಡಿಗೆ ಪುರಾವೆ ಮಾಡಿ ಕೊಡ್ಬೇಕಾ? ಉಜ್ಜೋದೇ ಬೇಡ, ಕೈಗೆ ಹೂವು ಅಂತ ಬರೆದವರು ಇಲ್ಲೇ ಕೂತಿದ್ದಾರೆ. ಅವರು ಕೈ ಅದ್ದಲಿ."

ಚೆಲ್ಲಕಣ್ಣು ಮುಂದೆ ಬಂದ. ಎಡಗೈಯಲ್ಲಿ ಬಕೆಟ್ ಹಿಡಿಕೆ ಎತ್ತಿ, ಎರಡು ಕುರ್ಚಿ ದಾಟಿ, ರತ್ನವೇಲುವಿನ ಹೊಳೆಯುವ ಬೂಟಿನ ಮುಂದೆ ಇಟ್ಟು ಬಂದ.

"ನಾನಾ?" ರತ್ನವೇಲು ಸುತ್ತ ನೋಡಿದ. "ನಾನು ಒಗೆಯೋದಾ? ಸಾರ್, ನಮ್ಮ ಮನೇಲಿ..."

"ಒಗೆಯೋದಲ್ಲ ತಮ್ಮಾ," ಅಂದ ಚೆಲ್ಲಕಣ್ಣು. "ಅದ್ದೋದು. ಹತ್ತು ಎಣಿಸೋದು. ಲಾರಿ ಮೇಲೆ ಎಷ್ಟು ಚಂದ ಎಣಿಸಿದ್ರಿ!"

ನಲ್ಲಪೆರುಮಾಳ್ ಅಂದ: "ಅದ್ದಿ."

ರತ್ನವೇಲು ಅಂಬಲವಾಣನ್ ಮುಖ ನೋಡಿದ. ವಕೀಲ ಹನ್ನೊಂದು ಪುಟದ ಉತ್ತರವನ್ನು ತುಂಬ ಶ್ರದ್ಧೆಯಿಂದ ಓದುತ್ತಿದ್ದ. ರತ್ನವೇಲು ಎರಡು ಬೆರಳಲ್ಲಿ ಅಂಗಿಯನ್ನು ಇಲಿ ಬಾಲ ಹಿಡಿದ ಹಾಗೆ ಹಿಡಿದು ಅದ್ದಿದ. ಇರುಳಾಯಿ ಗಟ್ಟಿಯಾಗಿ ಹತ್ತು ಎಣಿಸಿದಳು. ಎತ್ತಿದ. ಶೂಲ ಇತ್ತು. ಚುಕ್ಕೆ ಎರಡೂ ಇದ್ದವು.

"ನೂರು ಎಣಿಸಿ," ಅಂದ ಅಂಬಲವಾಣನ್ ಪುಟದಿಂದ ತಲೆಯೆತ್ತದೆ.

ಚೆಲ್ಲಕಣ್ಣು ನೂರು ಎಣಿಸಿದ. ಮಧ್ಯೆ ಲೆಕ್ಕ ತಪ್ಪಿತು ಅಂತ ಮತ್ತೆ ಮೊದಲಿಂದ ಎಣಿಸಿದ. ಶೂಲ ಇತ್ತು.

ರತ್ನವೇಲುವಿಗೆ ರೇಗಿತು. ಉಂಗುರ ತೆಗೆದು ಜೇಬಿಗೆ ಹಾಕಿ, ತೋಳು ಮಡಿಸಿ, ಎರಡೂ ಕೈ ಇಳಿಸಿ ಕಾಲರನ್ನು ಉಜ್ಜತೊಡಗಿದ.

"ಉಜ್ಜಬಾರ್ದು!" ಕೂಗಿದ ಚೆಲ್ಲಕಣ್ಣು. "ಸಾರ್, ಅವರು ಉಜ್ಜುತಿದ್ದಾರೆ! ಬರ್ಕೊಳಿ!"

ಉಲಗನಾಥ ನಿಜವಾಗಿಯೂ ಬರೆದುಕೊಂಡ.

ಪಕ್ಕದ ಕಚೇರಿಯ ಜವಾನರು ಬಾಗಿಲಿಗೆ ಬಂದು ನಿಂತರು. ಟೈಪು ಮಾಡುವ ಹೆಂಗಸರು ಬಂದರು. ರತ್ನವೇಲು ನೆಲಕ್ಕೆ ಇಳಿದಿದ್ದ. ಅಂಗಿಯನ್ನು ಮೊಸಾಯಿಕ್ ನೆಲದ ಮೇಲೆ ಹಾಕಿ, ಮೊಣಕಾಲೂರಿ ತಿಕ್ಕಿದ. ಪ್ಯಾಂಟು ಒದ್ದೆಯಾಯಿತು. ಪೌಡರ್ ಬೆವರಿಗೆ ಕರಗಿ ಕುತ್ತಿಗೆಯಲ್ಲಿ ಇಳಿಯಿತು.

"ಕತ್ತಿನಿಂದ ಬಗ್ಗಬೇಡಿ ತಮ್ಮಾ, ಸೊಂಟದಿಂದ ಬಗ್ಗಿ," ಅಂದಳು ಇರುಳಾಯಿ. ಕೀಟಲೆಗೆ ಅಂದದ್ದಲ್ಲ. ಹಾಗೆ ಬಗ್ಗಿದವರಿಗೆ ರಾತ್ರಿ ಏನಾಗುತ್ತದೆ ಅಂತ ಅವಳಿಗೆ ಗೊತ್ತಿತ್ತು.

ಕಾಲರು ಅಂಚಿನಲ್ಲಿ ಹಿಂಜಿಕೊಂಡಿತು. ದಾರ ಬಿಟ್ಟಿತು. ಶೂಲ ಅಲುಗಲಿಲ್ಲ.

ಕೊನೆಗೆ ರತ್ನವೇಲು ಅಂಗಿಯನ್ನು ಬಕೆಟ್ಟಿಗೆ ಎಸೆದು ಎದ್ದ. ತನ್ನ ಕೈ ನೋಡಿಕೊಂಡ. ಕೆಂಪಗೆ, ಬೆಂದ ಸಿಗಡಿಯಂತೆ. ಬೆರಳ ಸಂದಿಯಲ್ಲಿ ಚರ್ಮ ಬೆಳ್ಳಗೆ ಸುಕ್ಕಾಗಿ ಸುಲಿದಿತ್ತು. ಅವನು ತುರಿಸಿಕೊಂಡ. ಮತ್ತೆ ತುರಿಸಿಕೊಂಡ.

ಇರುಳಾಯಿ ಹತ್ತಿರ ಹೋಗಿ ಆ ಕೈಗಳನ್ನು ನೋಡಿದಳು. ನಗಲಿಲ್ಲ.

"ಒಂದು ಬಕೆಟ್ಟು, ಒಂದು ಅಂಗಿ. ಅರ್ಧ ಗಂಟೆ," ಅಂದಳು. "ಫೋಟೋ ತೆಗೆಸೋಣ್ವಾ ತಮ್ಮಾ? ಮುಖ ಬೇಡ, ಕೈ ಸಾಕು."

ಬಾಗಿಲಲ್ಲಿ ನಿಂತವರು ನಕ್ಕರು. ಟೈಪಿನ ಹೆಂಗಸೊಬ್ಬಳು ಸೆರಗಲ್ಲಿ ಮುಖ ಮುಚ್ಚಿಕೊಂಡಳು. ರತ್ನವೇಲು ಕೈಗಳನ್ನು ಪ್ಯಾಂಟಿನ ಜೇಬಿಗೆ ತುರುಕಿದ. ಉರಿಗೆ ಮತ್ತೆ ಹೊರಗೆಳೆದ.

"ಕೈ ಒರೆಸ್ಕೊಂಡು ಬರ್ತೀನಿ ಸಾರ್," ಅಂದ.

ನೆರೆದವರು ದಾರಿ ಬಿಟ್ಟರು. ಒದ್ದೆ ಬೂಟು ಪಚಪಚ ಅನ್ನುತ್ತ ವರಾಂಡ ದಾಟಿ, ಮೆಟ್ಟಿಲು ಇಳಿದದ್ದು ಎಲ್ಲರಿಗೂ ಕೇಳಿಸಿತು. ಕೈ ತೊಳೆಯುವ ನಲ್ಲಿ ಮೆಟ್ಟಿಲಿನ ಕಡೆ ಇರಲಿಲ್ಲ.

ಐದು ನಿಮಿಷ ಕಾದರು. ಹತ್ತು ಕಾದರು. ಅಂಬಲವಾಣನ್ ಫೋನು ಮಾಡಿದ. ಅತ್ತ ಗಂಟೆ ಬಾರಿಸಿತು, ಎತ್ತಲಿಲ್ಲ. "ನಮ್ಮ ಕಕ್ಷಿದಾರರು ಬರುವವರೆಗೆ ಇನ್ನೊಂದು ವಾಯಿದೆ..." ಅಂತ ಶುರು ಮಾಡಿದ.

"ಬರೀರಿ ಉಲಗನಾಥನ್," ಅಂದ ನಲ್ಲಪೆರುಮಾಳ್. ದನಿ ಮೆತ್ತಗಿರಲಿಲ್ಲ. ಕೈ ಮತ್ತೆ ಕಾಲರಿನ ಹಿಂದಕ್ಕೆ ಹೋಗಿತ್ತು. "ಮೂರು ದಿನದೊಳಗೆ ಬೋರ್ಡು ಇಳಿಸಬೇಕು. ಅದೇ ಜಾಗದಲ್ಲಿ, ಅದೇ ಅಳತೆಯ ಅಕ್ಷರದಲ್ಲಿ, ಕಲೆ ಹೋಗುತ್ತದೆ ಅಂದದ್ದೂ ಸುಳ್ಳು, ಮಡಿಕಟ್ಟೆಯ ಬಟ್ಟೆಯಲ್ಲಿ ರೋಗ ಅಂದದ್ದೂ ಸುಳ್ಳು ಅಂತ ಕಂಪನಿಯೇ ಬರೆಸಿ, ಆರು ತಿಂಗಳು ಇಡಬೇಕು."

"ನಕ್ಷತ್ರ ಇಲ್ದೆ ಸಾರ್," ಅಂದಳು ಇರುಳಾಯಿ.

"ನಕ್ಷತ್ರ ಇಲ್ಲದೆ. ಬರೀರಿ."

ಉಲಗನಾಥ ಬರೆಯುತ್ತಿದ್ದ. ಬಕೆಟ್ಟಿನಲ್ಲಿ ನೊರೆ ಸತ್ತು ಅಂಗಿ ತೇಲುತ್ತಿತ್ತು. ಅದನ್ನು ಯಾರು ಹಿಂಡಬೇಕು ಅಂತ ಅವನು ಒಂದು ಸಲ ತಲೆಯೆತ್ತಿ ಇರುಳಾಯಿಯತ್ತ ನೋಡಿ, ಕೇಳದೆ ಮತ್ತೆ ತಲೆ ತಗ್ಗಿಸಿದ.

ನಾಲ್ಕು ವಾಯಿದೆ ನಿಂತ ಕಾಲು. ಇರುಳಾಯಿ ಗೋಡೆ ಬಿಟ್ಟು ಬಂದಳು. ರತ್ನವೇಲುವಿನ ಕುರ್ಚಿ ಎಳೆದುಕೊಂಡಳು. ಕೂತಳು. ಪೂರ್ತಿ ಕೂತಳು, ಅಂಚಿನಲ್ಲಲ್ಲ. ಬಿರುಕು ಬಿಟ್ಟ ಎರಡೂ ಕೈಗಳನ್ನು ಕುರ್ಚಿಯ ತೋಳುಗಳ ಮೇಲೆ ಚಾಚಿಕೊಂಡಳು.

"ಏಯ್, ಏಳಮ್ಮ," ಅಂದ ಉಲಗನಾಥ ಅಭ್ಯಾಸಬಲದಿಂದ. "ಅದು ಅವರ ಕುರ್ಚಿ."

"ಗೊತ್ತು ಸಾರ್. ಅವರು ಬರ್ಲಿ. ಬಂದ ತಕ್ಷಣ ಏಳ್ತೀನಿ."

ಅವನು ಬಾಗಿಲ ಕಡೆ ನೋಡಿದ. ನಲ್ಲಪೆರುಮಾಳನೂ ನೋಡಿದ. ಚೆಲ್ಲಕಣ್ಣು ಹೊಸ ಸುಣ್ಣದ ಗೋಡೆಗೆ ಆರಾಮಾಗಿ ಒರಗಿಕೊಂಡ.

ಗಡಿಯಾರ ಐದು ಹೊಡೆಯಿತು.

ರತ್ನವೇಲು ಬರಲಿಲ್ಲ.